ಹಿತ್ತಲ ಬಾಗಿಲಾಚೆಯ ಮೆಟ್ಟಿಲು

ಅಮ್ಮಾ,

ಇವತ್ತು ಅಪ್ಪನಿಗೆ ಸುತ್ತಿಗೆಯಿಂದ ಹೊಡೆದೆ. ಸತ್ತಿಲ್ಲ. ಮೊದಲ ಏಟಿಗೇ ಬಲಗೈ ಮುರಿಯಿತು. ಎರಡನೆಯದು ಬೇಕಿರಲಿಲ್ಲ, ಆದರೂ ಹೊಡೆದೆ. ನಿನಗೆ ಸುಳ್ಳು ಬರೆಯಲಾರೆ.

ನಾನು ಬಿಟ್ಟ ಹಾಗೆ ತಾನು ಶಾಲೆ ಬಿಡುವುದಿಲ್ಲ ಎಂದು ತಂಗಿ ಹಟ ಹಿಡಿದಿದ್ದಳು. ಅಪ್ಪ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಬೆಲ್ಟ್ ಬೀಸುತ್ತಿದ್ದ. ಆಗ ಹಿತ್ತಲ ಬಾಗಿಲನ್ನು ಆಚೆಯಿಂದ ಯಾರೋ ತಟ್ಟಿದರು. ಆ ಮನೆಗೆ ಬಂದ ದಿನವೇ ಅವನು ಮೊಳೆ ಹೊಡೆದು ಮುಚ್ಚಿದನಲ್ಲ, ಆಚೆ ಗುಡ್ಡ ಕುಸಿದಿದೆ, ಕಾಲಿಟ್ಟರೆ ಹೆಣವೂ ಸಿಗುವುದಿಲ್ಲ ಎಂದು ನಮ್ಮನ್ನೆಲ್ಲ ಹೆದರಿಸುತ್ತಿದ್ದನಲ್ಲ, ಅದೇ ಬಾಗಿಲು.

"ಯಾರಾದ್ರೂ ಇದೀರಾ?" ಹೆಂಗಸಿನ ದನಿ. "ಹಳೇ ಮೆಟ್ಟಿಲು ನೋಡ್ಕೊಂಡು ನಡೀತಾ ಬಂದ್ವಿ. ಮ್ಯಾಪಲ್ಲಿ ಇದು ಎಲ್ಲರ ದಾರಿ ಅಂತಿದೆ."

"ಊಟದ ಹೊತ್ತೇನೋ ಕಣೆ, ಬಾ ಹೋಗೋಣ," ಎಂದಳು ಇನ್ನೊಬ್ಬಳು.

"ಹೋಗ್ಬೇಡಿ!" ಎಂದು ತಂಗಿ ಕಿರುಚಿದಳು.

ಅಪ್ಪ ಅವಳ ಬಾಯಿಗೆ ಗುದ್ದಿದ. ತುಟಿ ಸೀಳಿ ರಕ್ತ ಸುರಿಯಿತು. ನಾನು ಸುತ್ತಿಗೆ ತೆಗೆದುಕೊಂಡದ್ದು ಆಗಲೇ.

ಅದೇ ಸುತ್ತಿಗೆಯಿಂದ ಬಾಗಿಲನ್ನೂ ಒಡೆದೆ. ಗುಡ್ಡ ಎಲ್ಲೂ ಕುಸಿದಿರಲಿಲ್ಲ. ಗಟ್ಟಿಮುಟ್ಟಾದ ಕಲ್ಲಿನ ಮೆಟ್ಟಿಲು, ಕಬ್ಬಿಣದ ಕಂಬಿ, ಕೆಳಗೆ ಬಸ್ಸು ಓಡಾಡುವ ರಸ್ತೆ. ಮ್ಯಾಪ್ ಹಿಡಿದಿದ್ದ ಇಬ್ಬರೂ ತಂಗಿಯನ್ನು ಎರಡೂ ಕಡೆ ಹಿಡಿದು ಇಳಿಸಿದರು.

ಈಗ ಆಸ್ಪತ್ರೆಯಲ್ಲಿ ಅವಳಿಗೆ ಹೊಲಿಗೆ ಹಾಕುತ್ತಿದ್ದಾರೆ. ಪೊಲೀಸರು ಹೊರಗೆ ನನಗಾಗಿ ಕಾಯುತ್ತಿದ್ದಾರೆ.

ಇಳಿಯುವಾಗ ಅವಳು, "ರಸ್ತೆ ಇಷ್ಟು ಹತ್ರ ಇತ್ತಾ ಅಣ್ಣಾ?" ಎಂದಳು. ನೀನು ಕೊನೆಯ ಏಟು ತಿಂದು ಪ್ರಾಣ ಬಿಟ್ಟದ್ದು ಆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು.