ಸೋಣದವರೆಗಿನ ವಯರಿಂಗ್

೮-೭-೧೯೬೨, ಆದಿತ್ಯವಾರ

ದೇವರ ದೀಪ, ತುಳಸಿಗೆ ನೀರು. ಮಳೆಯಲ್ಲಿ ತುಳಸಿಗೆ ನೀರು ಯಾಕೆ ಎಂದು ಮಗಳು ಕುಶಲಾ ನಗುತ್ತಾಳೆ. ನಗಲಿ. ಕಾಲು ಸ್ವಲ್ಪ ಬಾತಿದೆ ಅವಳದ್ದು. ಬಿಸಿನೀರು ಹೊಯ್ದೆ. ಗಂಜಿಗೆ ಉಪ್ಪು ಕಡಿಮೆ.

ನಿನ್ನೆ ಅವಳನ್ನು ಫಳ್ನೀರಿನ ಆಸ್ಪತ್ರೆಗೆ ತೋರಿಸಿ ಬಂದದ್ದು. ಎಲ್ಲ ಸರಿ ಉಂಟು, ಆಗಸ್ಟ್ ಕೊನೆಗೆ ಹೆರಿಗೆ ಎಂದರು ಡಾಕ್ಟರಮ್ಮ. ಬರುವಾಗ ಕೂಳೂರು ಹೊಳೆಯ ಸಂಕ ದಾಟಿದ ಮೇಲೆ ಕಾರಿನೊಳಗೆ ವಾಸನೆ. ಎಣ್ಣೆ ಮುಗಿದು ಬತ್ತಿ ಸುಟ್ಟ ಹಾಗೆ. ಇವರು ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರು. ವಯರುಗಳಿಗೆ ಸುತ್ತಿದ ಬಟ್ಟೆ ಕಪ್ಪಾಗಿದೆ. ಇಲಿ ಕಡಿದದ್ದೂ ಉಂಟು.

"ಮೂವತ್ತೆಂಟನೇ ಇಸವಿಯ ಆಸ್ಟಿನ್ ಅಲ್ವಾ," ಎಂದರು. "ನಮ್ಮ ಹಾಗೆಯೇ. ಒಳಗಿನ ನರ ಸತ್ತಿರ್ತದೆ."

ನನಗೆ ನಗು ಬರಲಿಲ್ಲ. ಕುಶಲಾಳ ಮೊದಲಿನ ಮಗು ಎತ್ತಿನ ಗಾಡಿಯಲ್ಲೇ ಹೋಯಿತು. ಸುರತ್ಕಲ್‌ನಿಂದ ಫಳ್ನೀರಿಗೆ ಆ ಗಾಡಿ ಎಷ್ಟು ಹೊತ್ತು ಎಳೆದೀತು? ದಾರಿಯಲ್ಲೇ ಎಲ್ಲ ಮುಗಿಯಿತು. ಅದರ ನಂತರ ಇವರು ಹಂಚಿನ ಕಾರ್ಖಾನೆಯ ದೊರೆಯಿಂದ ಈ ಕಾರು ತಗೊಂಡದ್ದು. ಈ ಸಲ ದಾರಿಯಲ್ಲಿ ನಿಲ್ಲಬಾರದು. ಅಮ್ಮಾ ದುರ್ಗಾಪರಮೇಶ್ವರೀ, ಬೇರೆ ಏನೂ ಕೇಳುವುದಿಲ್ಲ.

೧೧-೭, ಬುಧವಾರ

ಪಂಪ್‌ವೆಲ್‌ನ ಗ್ಯಾರೇಜಿನಿಂದ ಬಾಸಿಲ್ ಬಂದಿದ್ದ. ಕಾರಿನ ಅಡಿಯಲ್ಲಿ ಮಲಗಿ, ಒಳಗೆ ತಲೆ ಹಾಕಿ, ಒಂದು ಗಂಟೆ ನೋಡಿದ. ನಾನು ಕಾಫಿ ತಕ್ಕೊಂಡು ಹೋದಾಗ ಇವರಿಗೆ ಹೇಳುತ್ತಿದ್ದ—

"ಟೇಪ್ ಸುತ್ತಿ ಬಿಡುವ ಕೆಲಸ ಅಲ್ಲ ಶೆಟ್ರೆ. ವಯರಿಂಗ್ ಪೂರ್ತಿ ತೆಗ್ದು ಬೇರೆ ಹಾಕ್ಬೇಕು. ಇದು ಇವತ್ತು ಹೊಗೆ, ನಾಳೆ ಬೆಂಕಿ."

"ನೀನೇ ಪೇಟೆಯ ವಯರು ತಂದು ಕಟ್ಲಿಕ್ಕೆ ಆಗುದಿಲ್ವಾ?"

"ಆಗ್ತದೆ. ಆದ್ರೆ ಎಲ್ಲ ಒಂದೇ ಬಣ್ಣದ ವಯರು. ಒಂದು ಕೆಟ್ರೆ ಯಾವುದು ಎಲ್ಲಿಗೆ ಹೋಗ್ತದೆ ಅಂತ ನಂಗೇ ಗೊತ್ತಾಗ್ಲಿಕ್ಕಿಲ್ಲ."

"ನಿನ್ನ ಬಿಲ್ಲು ಓದ್ಲಿಕ್ಕೂ ನಿಂಗೆ ಆಗುದಿಲ್ಲ ಮಾರಾಯ."

ಇವರು ಟೆಲಿಗ್ರಾಂ ಕೊಟ್ಟ ಕೂಡಲೇ ಅಳಿಯ ಮೋಹನದಾಸ ಬೊಂಬಾಯಿಯಿಂದ ಹೊಸ ಸೆಟ್ಟು ಲಾರಿಗೆ ಹಾಕಿಸಿದ್ದಾನೆ. ಈ ಕಾರಿನದ್ದೇ ಅಳತೆ, ಒಂದೊಂದು ವಯರಿಗೆ ಒಂದೊಂದು ಬಣ್ಣ, ಕಟ್ಟಿಯೇ ಬರುತ್ತದಂತೆ. ಅದಕ್ಕೆ ಕಾಯಿರಿ ಎಂದ ಬಾಸಿಲ್. ಇಲ್ಲದಿದ್ದರೆ ಬಂದರಿನ ಉಮರಬ್ಬನ ಗುಜರಿಯಲ್ಲಿ ಇಂಥದ್ದೇ ಒಂದು ಕಾರು ಬಿಚ್ಚಿದ್ದಾರೆ, ಅದರ ವಯರಿಂಗ್ ಉಂಟು. ಆದರೆ ಹಳೆಯದು ಹಳೆಯದೇ.

"ಬರುವುದಾದರೆ ಹದಿನಾರರೊಳಗೆ ಬರಲಿ. ಹದಿನೇಳಕ್ಕೆ ಆಟಿ ತಿಂಗಳು ಹುಟ್ಟುತ್ತದೆ. ಆಟಿಯಲ್ಲಿ ಹೊಸತು ಯಾವುದೂ ಕೂಡುವುದಿಲ್ಲ," ಎಂದೆ.

"ನಮ್ಮ ಇಗರ್ಜಿಯಲ್ಲಿ ಆಟಿ ಇಲ್ಲಮ್ಮ."

"ನಿನ್ನ ಅಜ್ಜಿಯ ಅಡಿಗೆಮನೆಯಲ್ಲಿ ಇತ್ತು. ಕೇಳಿ ನೋಡು."



೧೬-೭, ಸೋಮವಾರ. ಸಂಕ್ರಮಣ

ಪಾರ್ಸಲ್ ಇಲ್ಲ. ಘಾಟಿಯಲ್ಲಿ ಮಣ್ಣು ಜರಿದು ಲಾರಿಗಳು ನಿಂತಿವೆಯಂತೆ. ಇವರು ಪೇಟೆಗೆ ಎರಡು ಸಲ ಹೋಗಿ ಬಂದರು. ಸಂಜೆಯವರೆಗೂ ಗೇಟಿನ ಕಡೆ ಕಣ್ಣು. ದೀಪ ಹಚ್ಚುವ ಹೊತ್ತಿಗೆ ನನಗೆ ಗೊತ್ತಾಯಿತು, ಇನ್ನು ಇಲ್ಲ ಎಂದು.

೧೮-೭, ಬುಧವಾರ

ಬಂತು. ಆಟಿಯ ಎರಡನೇ ದಿನ.

ಮರದ ಪೆಟ್ಟಿಗೆ. ಇವರು ಜಗಲಿಯಲ್ಲೇ ಮುಚ್ಚಳ ತೆಗೆದರು. ಕೆಂಪು, ಹಸಿರು, ಹಳದಿ, ಜಡೆ ಹಾಕಿದ ಹಾಗೆ ಚಂದ. ಹೊಸ ರಬ್ಬರಿನ ವಾಸನೆ. ಕುಶಲಾ ಕೈ ಚಾಚಿದಳು. ನಾನು ಮುಟ್ಟಲು ಬಿಡಲಿಲ್ಲ.

"ನಾಳೆ ಬಾಸಿಲನನ್ನು ಕರೆಸ್ತೇನೆ," ಎಂದರು ಇವರು.

"ಆಟಿ ಕಳೆದು ಸೋಣ ತಿಂಗಳು ಹುಟ್ಟಲಿ."

"ವಯರಿಗೆ ಎಂತ ಆಟಿ, ಎಂತ ಸೋಣ?"

"ವಯರಿಗೆ ಇಲ್ಲ. ಅದರಲ್ಲಿ ಹೋಗುವವಳಿಗೆ ಉಂಟು. ಈ ತಿಂಗಳು ಹೊಸ ಸೀರೆ ಉಡಿಸುವುದಿಲ್ಲ, ಹೊಸ ಮಡಕೆ ಒಲೆಗೆ ಇಡುವುದಿಲ್ಲ. ಸತ್ತವರು ಮನೆಗೆ ಬರುವ ತಿಂಗಳು ಇದು. ಬಸುರಿ ಕೂರುವ ಗಾಡಿಗೆ ಹೊಸತು ಹಾಕಿಸುವುದಾ? ಮೊದಲಿನ ಸಲ ಆಟಿಯಲ್ಲೇ ಅಲ್ವಾ ನೀವು ಹೊಸ ತೊಟ್ಟಿಲು ತಂದದ್ದು?"

ಅದನ್ನು ಹೇಳಬಾರದಿತ್ತು. ಇವರು ಎದ್ದು ಹೋದರು. ಮತ್ತೆ ಬಂದು ಪೆಟ್ಟಿಗೆಯನ್ನು ತಾವೇ ಅಟ್ಟಕ್ಕೆ ಹಾಕಿದರು.

ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು. "ಹಳೆಯದಾದ್ರೆ ಆದೀತಾ? ಉಮರಬ್ಬನಲ್ಲಿ ಇರುವುದು ಹೊಸತಲ್ಲ. ಸೋಣದವರೆಗೆ ಅದು ನಡೀಲಿ. ಹೆರಿಗೆ ಸೋಣ ಹುಟ್ಟಿದ ಮೇಲೆಯೇ ಅಲ್ವಾ, ಅಷ್ಟರೊಳಗೆ ಅಳಿಯನದ್ದು ಹಾಕುವಾ."

ಹಳೆಯದಕ್ಕೆ ಆಟಿಯ ದೋಷ ಇಲ್ಲ. ಆದೀತು ಎಂದೆ. ಮನಸ್ಸು ಹಗುರಾಯಿತು.

೨೧-೭, ಶನಿವಾರ

ಹಾಕಿ ಆಯಿತು. ಬೆಳಗಿನಿಂದ ಸಂಜೆವರೆಗೆ ಬಾಸಿಲ್ ಶೆಡ್ಡಿನಲ್ಲೇ. ವಯರಿನ ತುದಿಗಳಿಗೆಲ್ಲ ಪಚ್ಚೆ ಕಿಲುಬು. ಕತ್ತರಿಸಿ, ಉಜ್ಜಿ, ಮತ್ತೆ ಕತ್ತರಿಸಿದ. ನನ್ನ ಪೂಜೆಯ ತಂಬಿಗೆಗೆ ಹುಣಸೆಹುಳಿ ಹಾಕಿ ತಿಕ್ಕುತ್ತೇನಲ್ಲ, ಅದೇ ಕಿಲುಬು.

"ಇಷ್ಟು ಯಾಕೆ ಹಿಡಿದಿದೆ ಇದಕ್ಕೆ?" ಎಂದು ಕೇಳಿದೆ.

ಬಾಸಿಲ್ ಇವರ ಮುಖ ನೋಡಿದ. ಇವರು "ಕಡಲಿನ ಗಾಳಿ" ಎಂದರು.

ಹೋಗುವಾಗ ಬಾಸಿಲ್ ನನಗೂ ಕೇಳುವ ಹಾಗೆ ಹೇಳಿದ. "ಸೋಣದವರೆಗೆ ಸಾಕು ಇದು. ಅದರ ಮೇಲೆ ನನ್ನನ್ನು ಕೇಳ್ಬೇಡಿ. ಲೈಟು, ವೈಪರು ಎರಡೂ ಒಟ್ಟಿಗೆ ಹಾಕ್ಬೇಡಿ, ಬಿಸಿ ಆಗ್ತದೆ. ಹಗಲು ಮಾತ್ರ ಓಡಿಸಿ."

೨೨-೭, ಆದಿತ್ಯವಾರ

ಮಳೆ ಬಿಟ್ಟಿತ್ತು. ದೇವಸ್ಥಾನಕ್ಕೆ ಹೋಗಿ ಬಂದೆವು. ವಾಸನೆ ಇಲ್ಲ. ಹೊರಡುವಾಗ ಇವರು ಎಂದಿನ ಹಾಗೆ ಕಾರಿನಲ್ಲಿ ಕೂತು ಹಾರ್ನ್ ಒಮ್ಮೆ ಒತ್ತಿ ಕರೆದರು. "ಅಮ್ಮ ಹೊರಡುವಷ್ಟರಲ್ಲಿ ನನ್ನ ಮಗು ಶಾಲೆಗೆ ಹೋದೀತು," ಎಂದಳು ಕುಶಲಾ. ಅವಳು ಮಗುವಿನ ಮಾತೆತ್ತಿ ತಮಾಷೆ ಮಾಡಿದ್ದು ಇದೇ ಮೊದಲು. ದೇವಿಗೆ ಹೂವಿನ ಪೂಜೆ ಹೇಳಿಕೊಂಡೆ.

೨೯-೭, ಆದಿತ್ಯವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಉಂಟು.

ಮಧ್ಯಾಹ್ನ ಹಪ್ಪಳ ಸುಡುತ್ತಿದ್ದೆ. ಹಾರ್ನ್ ಆಯಿತು. ಇವರು ಕರೆದರು ಎಂದು ಕೈ ಒರೆಸಿ ಹೊರಗೆ ಬಂದೆ. ಇವರು ಜಗಲಿಯ ಬೆಂಚಿನಲ್ಲಿ ನಿದ್ದೆ. ಶೆಡ್ಡಿನಲ್ಲಿ ಕಾರು. ಒಳಗೆ ಯಾರೂ ಇಲ್ಲ.

ಮಳೆಯ ತಂಪಿಗೆ ವಯರು ಒಂದಕ್ಕೊಂದು ತಾಗಿದ್ದು ಎನ್ನುತ್ತಾರೆ ಇವರು. ಇನ್ನು ನಿಲ್ಲಿಸಿದ ಕೂಡಲೇ ಬ್ಯಾಟರಿಯ ವಯರು ಬಿಚ್ಚಿಡುತ್ತಾರಂತೆ. ಆಗಬಹುದು. ತಂಪು ಉಂಟು, ನಿಜ.

೩೦-೭, ಸೋಮವಾರ

ಬಿಚ್ಚಿ ಹಾಕಿದ ಹಳೆ ವಯರಿನ ತಾಮ್ರಕ್ಕೆ ಉಮರಬ್ಬ ಬಂದಿದ್ದರು. ಇವರು ನಮ್ಮ ಹೋಟೆಲಿಗೆ ಹೋಗಿದ್ದರು. ಒಳ್ಳೆ ಮನುಷ್ಯ, ಕೊಡೆ ಹೊರಗೇ ಇಟ್ಟು, ಕಾಲು ತೊಳೆದು ಜಗಲಿಗೆ ಬಂದರು. ಅವರ ಹೆಂಡತಿ ಹವ್ವಮ್ಮ ಕುಶಲಾಳಿಗೆ ಎಂದು ಖರ್ಜೂರ ಕಳಿಸಿದ್ದರು.

"ಕಾರು ಹೇಗುಂಟು ಅಕ್ಕ? ನಂಗೆ ಅದೇ ಯೋಚನೆ. ನೀರು ಕುಡಿದ ಸಾಮಾನು, ಬೇಡ ಧಣಿ ಅಂತ ಹೇಳಿದ್ದೆ."

"ಎಂತ ನೀರು?"

ಅವರು ಖರ್ಜೂರದ ಪೊಟ್ಟಣ ಕೆಳಗಿಟ್ಟರು. "ಧಣಿ ಹೇಳ್ಲಿಲ್ವಾ?"

ಹೇಳಿಸಿದೆ. ದೋಣಿ ಜೋಡಿಸಿ ಕಾರು ದಾಟಿಸುವ ಕಡವಿನಲ್ಲಿ ಹಗ್ಗ ತುಂಡಾಗಿ ಹೊಳೆಗೆ ಬಿದ್ದ ಕಾರಿನ ವಯರಿಂಗ್ ಅದು. ಉಪ್ಪುನೀರು. ಮೂರನೇ ದಿನ ಎತ್ತಿದ್ದು. ಓಡಿಸುತ್ತಿದ್ದ ಹುಡುಗ ಬಾಗಿಲು ತೆರೆಯಲಾಗದೆ ಒಳಗೇ... ಮದುವೆ ನಿಶ್ಚಯವಾಗಿತ್ತಂತೆ. ಆಗಿರಲಿಲ್ಲ.

"ಕೈ ಹಾರ್ನಿನ ಮೇಲೇ ಇತ್ತು ಅಂತ ಎತ್ತಿದವರು ಹೇಳಿದ್ದು. ನಾನು ನೋಡ್ಲಿಲ್ಲ ಅಕ್ಕ. ಜನ ಎಂತದೂ ಹೇಳ್ತಾರೆ."

ತಾಮ್ರ ತಗೊಳ್ಳದೆ ಹೋದರು. ಕುಶಲಾ ಒಳಗೆ ಮಲಗಿದ್ದಳು, ಕೇಳಿಸಿರಲಿಕ್ಕಿಲ್ಲ.

ಇವರು ಸಂಜೆ ಬಂದಾಗ ಕೇಳಿದೆ. ತಲೆ ತಗ್ಗಿಸಿದರು. "ಹೊಸತು ಬೇಡ ಅಂದೆ ನೀನು. ಇದ್ದದ್ದು ಅದೊಂದೇ. ಹೇಳಿದ್ರೆ ಇದೂ ಬೇಡ ಅಂತಿದ್ದೆ. ಮತ್ತೆ ಯಾವುದರಲ್ಲಿ ಕರ್ಕೊಂಡು ಹೋಗುದು ನನ್ನ ಮಗಳನ್ನು?"



೩೧-೭, ಮಂಗಳವಾರ. ಆಟಿ ಅಮಾವಾಸ್ಯೆ

ಬೆಳಿಗ್ಗೆ ಪಾಲೆ ಮರದ ಕಷಾಯ. ಇವರು ಕಲ್ಲಿನಲ್ಲಿ ಜಜ್ಜಿ ತೊಗಟೆಯ ಕೆತ್ತೆ ತಂದಿದ್ದರು. ಕುಶಲಾಳಿಗೆ ಕೊಡಲಿಲ್ಲ, ಬಸುರಿಗೆ ಆಗದು.

ಮಧ್ಯಾಹ್ನ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸಿದೆ. ಅತ್ತೆ, ಮಾವ, ಮೈದುನ. ಹೆಸರಿಲ್ಲದೆ ಹೋದ ಆ ಕೂಸಿಗೆ ಹಾಲು. ಮತ್ತೆ ಇನ್ನೊಂದು ಬಾಳೆಎಲೆ ಹಾಕಿದೆ. ಇದು ಯಾರಿಗೆ ಎಂದು ಇವರು ಕೇಳಲಿಲ್ಲ. ಅನ್ನ, ಕೋಳಿ ಪದಾರ್ಥ, ಒಂದು ಲೋಟ ನೀರು ಇಟ್ಟೆ. ಇಟ್ಟ ನೀರನ್ನು ಮತ್ತೆ ತೆಗೆದೆ. ನೀರು ಸಾಕಾಗಿರಬಹುದು ಅವನಿಗೆ. ಎಳನೀರು ಇಟ್ಟೆ.

"ನಿನ್ನ ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಉಂಡು ಹೋಗು ಮಗಾ. ನನ್ನ ಮಗಳ ದಾರಿ ಬಿಡು."

ಅವರು ಉಣ್ಣುವಾಗ ನಾವು ನೋಡಬಾರದು. ಬಾಗಿಲು ಹಾಕಿ ಜಗಲಿಯಲ್ಲಿ ನಿಂತೆವು. ಶೆಡ್ಡಿನಲ್ಲಿ ಹಾರ್ನ್ ಆಯಿತು. ಒಮ್ಮೆ. ಸಣ್ಣಕ್ಕೆ.

ಇವರು ಕೊಡೆ ಇಲ್ಲದೆ ಓಡಿದರು. ಒದ್ದೆಯಾಗಿ ಬಂದರು.

"ಬ್ಯಾಟರಿ ಬಿಚ್ಚಿಟ್ಟಿದ್ದಿರಾ?"

"ಹೂಂ."

ತಲೆ ಒರೆಸಿಕೊಳ್ಳುತ್ತಾ, "ಇಲ್ಲ, ಮರೆತಿದ್ದೆ," ಎಂದರು. ಎರಡರಲ್ಲಿ ಯಾವುದು ನಿಜವೋ.

೩-೮, ಶುಕ್ರವಾರ

ಕುಶಲಾಳ ಹೊಟ್ಟೆ ಇಳಿದಿದೆ. ನಾನು ಹೆತ್ತವಳು, ನನಗೆ ಗೊತ್ತಾಗುತ್ತದೆ. ಡಾಕ್ಟರಮ್ಮ ಹೇಳಿದ ಹಾಗೆ ತಿಂಗಳ ಕೊನೆಯವರೆಗೆ ನಿಲ್ಲಲಿಕ್ಕಿಲ್ಲ. ಸೋಣದವರೆಗೂ ನಿಲ್ಲುವುದು ಸಂಶಯ.

ಎರಡು ದಿನ ದೇವರ ಮುಂದೆ ಕೂತೆ. ಹೊಸತು ಹಾಕಿದರೆ ಆಟಿಯ ದೋಷ. ಹಾಕದಿದ್ದರೆ ಇದು. ಅಮ್ಮ ಏನೂ ಹೇಳಲಿಲ್ಲ. ಹೇಳದಿದ್ದರೆ ನನ್ನ ಬುದ್ಧಿಗೆ ಬಿಟ್ಟಳು ಎಂದೇ ಅರ್ಥ.

ಬೆಳಿಗ್ಗೆ ಇವರಿಗೆ ಹೇಳಿದೆ. "ಅಟ್ಟದ ಪೆಟ್ಟಿಗೆ ಇಳಿಸಿ. ದೋಷ ಇದ್ದರೆ ನನಗಿರಲಿ, ಅವಳಿಗೆ ಬೇಡ ಅಂತ ಕಾಣಿಕೆ ತೆಗೆದಿಟ್ಟಿದ್ದೇನೆ."

ಇವರು ಅಂಗಿ ಹಾಕಿ ಆಗಲೇ ಬಸ್ಸಿನಲ್ಲಿ ಗ್ಯಾರೇಜಿಗೆ ಹೋದರು. ಬಾಸಿಲ್ ಪುತ್ತೂರಿನಲ್ಲಿ ಲಾರಿ ಕೆಲಸಕ್ಕೆ. ನಾಳೆ ರಾತ್ರಿ ಬರುತ್ತಾನೆ, ಆದಿತ್ಯವಾರ ಇಗರ್ಜಿಯ ಪೂಜೆ, ಕೆಲಸ ಮುಟ್ಟುವುದಿಲ್ಲ. ಸೋಮವಾರ ಬೆಳಿಗ್ಗೆಯೇ ಬರುತ್ತಾನೆ ಎಂದು ಅವನ ತಮ್ಮ ಹೇಳಿದನಂತೆ. ನಾನು ಆಟಿ ನೋಡಿದವಳು, ಅವನ ಆದಿತ್ಯವಾರಕ್ಕೆ ಏನು ಹೇಳಲಿ?

೪-೮, ಶನಿವಾರ

ಮಳೆ. ಕುಶಲಾಳನ್ನು ಇವತ್ತೇ ಆಸ್ಪತ್ರೆಯಲ್ಲಿ ಬಿಡುವಾ ಎಂದೆ. "ನೋವಿಲ್ಲದೆ ಹೋಗಿ ಮಲಗಿದ್ರೆ ನಗ್ತಾರೆ ಅಮ್ಮ," ಎಂದಳು. ಪೆಟ್ಟಿಗೆ ಜಗಲಿಯಲ್ಲಿ ಉಂಟು. ಇನ್ನು ಒಂದೇ ದಿನ.

೫-೮, ಆದಿತ್ಯವಾರ, ಮಧ್ಯಾಹ್ನ ಮೂರೂವರೆ

ಊಟ ಬಡಿಸುವಾಗಲೇ ಸೊಂಟನೋವು ಎಂದಳು. ಈಗ ನೀರು ಹೋಯಿತು.

ಆಕಾಶ ಕಪ್ಪು. ಹಗಲಿಗೇ ದೀಪ ಹಚ್ಚಿ ಬರೆಯುತ್ತಿದ್ದೇನೆ. ಗೇಟಿನಾಚೆಯ ರಸ್ತೆ ಕಾಣುವುದಿಲ್ಲ. ಲೈಟು ಹಾಕದೆ ಆಗದು, ವೈಪರು ಹಾಕದೆಯೂ ಆಗದು.

"ಎತ್ತಿನ ಗಾಡಿ ಹೇಳುವಾ," ಎಂದೆ. ಇವರು ನನ್ನ ಮುಖ ನೋಡಿದರು. ಗಾಡಿ ಎಂದರೆ ಏನೆಂದು ಇಬ್ಬರಿಗೂ ಗೊತ್ತುಂಟು. ಬಸ್ಸಿಗೆ ಇನ್ನು ಒಂದು ಗಂಟೆ. ನೋವು ಅಷ್ಟು ಕಾಯುವುದಿಲ್ಲ.

ಕಾರನ್ನು ಮೆಟ್ಟಿಲಿಗೆ ತಂದು ನಿಲ್ಲಿಸಿದ್ದಾರೆ. ಇಂಜಿನ್ ಆರಿಸಬಾರದು, ಮತ್ತೆ ಹಿಡಿಯದಿದ್ದರೆ ಎಂದರು. ಕುಶಲಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ನನ್ನ ಕೈ ಬಿಡಲೇ ಇಲ್ಲ ಅವಳು. "ಬೇಗ ಬಾ ಅಮ್ಮ," ಎಂದಳು. ಬಟ್ಟೆಯ ಗಂಟಿಗೆ, ದೇವರ ಪ್ರಸಾದಕ್ಕೆ ಒಳಗೆ ಬಂದೆ. ಗಂಟು ಕಟ್ಟಿ ಆಯಿತು. ನಾಲ್ಕು ಅಕ್ಷರ ಬರೆದರೆ ಮನಸ್ಸು ನಿಂತೀತು ಎಂದು ಕೂತೆ. ಇವರು ಹಾರ್ನ್ ಒತ್ತಿದ ಕೂಡಲೇ ಏಳುವುದು.

ಅಮ್ಮಾ ತಾಯಿ. ಕೂಳೂರು ಸಂಕ ದಾಟಿಸು. ಮತ್ತೆ ನಾನು ನೋಡಿಕೊಳ್ಳುತ್ತೇನೆ.

ಹಾರ್ನ್ ಆಯಿತು. ಹೊರಟೆ.

ನಿಲ್ಲಿಸುತ್ತಿಲ್ಲ. ಎಂತ ಅವಸರ ಇವರಿಗೆ—

ಬತ್ತಿ ಸುಟ್ಟ ವಾಸನೆ. ದೇವರ ದೀಪ ಸರಿಯಾಗಿಯೇ ಉರಿಯುತ್ತಿದೆ.

ಇವರು ಮನೆಯೊಳಗೇ ಇದ್ದಾರೆ. ಕೈಯಲ್ಲಿ ಕೊಡೆ, ಆಸ್ಪತ್ರೆಯ ಚೀಟಿ. ಯಾರು ಹಾರ್ನ್ ಒತ್ತುದು ಎಂದು ನನ್ನನ್ನು ಕೇಳುತ್ತಾರೆ. ಕಾರಿನಲ್ಲಿ ಕುಶಲಾ ಒಬ್ಬಳೇ, ಅದೂ ಹಿಂದಿನ ಸೀಟಿನಲ್ಲಿ—