ಕಲ್ಲು ಸರ್ವೀಸ್ ನೋಡುವುದಿಲ್ಲ

ಮನೆಯಿಂದ, ಭಾನುವಾರ ಬೆಳಿಗ್ಗೆ

ಚಿರಂಜೀವಿ ಮಗನಿಗೆ,

ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತಳಾದ ಮುಖ್ಯೋಪಾಧ್ಯಾಯಿನಿ, ಅದಕ್ಕಿಂತ ಮಿಗಿಲಾಗಿ ನಿನ್ನ ತಾಯಿ, ಬರೆಯುವ ಪತ್ರ. ಕೆಮ್ಮು ಹೇಗಿದೆ? ವರ್ಗವಾಗಿ ಹೋದ ಊರಿನ ನೀರು ಒಗ್ಗಿತೇ? ಕುದಿಸಿ, ಆರಿಸಿ ಕುಡಿ.

ಸೊಸೆಯ ಹೆಸರಿನಲ್ಲಿ ನೀನೇ ಬರೆದು ಕಳುಹಿಸಿದ ರಾಜೀನಾಮೆ ಪತ್ರ ತಲುಪಿತು. ಬಿಸಿಲಲ್ಲಿ ಸರಪಳಿ ಎಳೆಯುವ ಭೂಮಾಪಕಿಯ ಕೆಲಸ ಸಾಕು, ನನ್ನೊಡನೆ ಬಂದಿರಲಿ, ಅಮ್ಮ ಹೇಳಿದರೆ ಸಹಿ ಹಾಕುತ್ತಾಳೆ ಎಂದಿದ್ದೀಯೆ. ಹೇಳೋಣವೆಂದೇ ಇದ್ದೆ. ಅಷ್ಟರಲ್ಲಿ ನಮ್ಮ ಶಾಲೆಯ ಆಟದ ಬಯಲಿನ ಅಳತೆ ಬಂತು.

ಬಯಲಿನ ಅಂಚು ತನ್ನದೆಂದು ಪಕ್ಕದ ಜಮೀನಿನ ಒಡೆಯ, ಒಬ್ಬ ಗುತ್ತಿಗೆದಾರ, ತಕರಾರು ತೆಗೆದಿದ್ದ. ಅಳತೆ ಸೊಸೆಯ ಪಾಲಿಗೇ ಬಂತು; ಬೇರೆಯವರನ್ನು ಕಳುಹಿಸಿ ಎಂದು ಅವಳೇ ಕಚೇರಿಗೆ ಬರೆದಿದ್ದಳಂತೆ, ಬೇರೆಯವರು ಇರಲಿಲ್ಲ. "ಅತ್ತೆ ಸ್ಕೂಲು, ಸೊಸೆ ಅಳತೆ. ನಮ್ಮ ಕೈಗೆ ಚಿಪ್ಪು" ಎಂದು ಅವನು ಎಲ್ಲರೆದುರು ಗೊಣಗಿದ. ಇವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಪೊದೆ ಸವರಿಸಿ, ಮಣ್ಣು ಕೆರೆಸಿ, ಹಳೆಯ ಗಡಿಕಲ್ಲು ಹುಡುಕಿದಳು. ಅಲ್ಲಿಂದ ಮುಕ್ಕಾಲಿಯ ಮೇಲಿನ ಯಂತ್ರಕ್ಕೆ ಕಣ್ಣಿಟ್ಟು ಗೆರೆ ಹಿಡಿದಳು. ನಮ್ಮ ಗೋಲಿನ ಕಂಬಗಳೆರಡೂ ಅವನ ಜಮೀನಿನಲ್ಲಿ ನಿಂತಿದ್ದವು! ನಾನು ಬಿಟ್ಟೇನೆಯೇ? ನನ್ನ ಸೇವೆಯುದ್ದಕ್ಕೂ ಕಂಬ ಅಲ್ಲೇ ಇತ್ತೆಂದು ವಾದಿಸಿದೆ. ಅವಳು ಯಂತ್ರದಿಂದ ಕಣ್ಣು ತೆಗೆಯದೆ, "ಅತ್ತೆ, ಕಲ್ಲು ನಿಮ್ಮ ಸರ್ವೀಸ್ ನೋಡಲ್ಲ. ಸ್ವಲ್ಪ ಪಕ್ಕಕ್ಕೆ ಬನ್ನಿ, ಗೆರೆಗೆ ಅಡ್ಡ ನಿಂತಿದ್ದೀರಿ" ಎಂದಳು. ಇಡೀ ಶಾಲೆಯನ್ನು ಸಾಲಿನಲ್ಲಿ ನಿಲ್ಲಿಸಿದವಳು ನಾನು. ತೆಪ್ಪಗೆ ಸರಿದು ನಿಂತೆ. ಮುಖಭಂಗವಾಗಬೇಕಿತ್ತು, ಎದೆಯುಬ್ಬಿತು. ಗುತ್ತಿಗೆದಾರ ತಲೆ ಕೆರೆದುಕೊಂಡು, "ನಮ್ಮಣ್ಣನ ಜೊತೆ ನಂದೂ ಒಂದು ತಕರಾರಿದೆ ತಾಯಿ, ಅದನ್ನೂ ನೀವೇ ಅಳೆದುಕೊಡಿ" ಎಂದ. ಕಂಬ ಕಿತ್ತು ಈಚೆ ನೆಡಲು ತನ್ನ ಆಳುಗಳನ್ನೇ ಕೊಟ್ಟ. ಮಕ್ಕಳ ಆಟ ಒಂದು ದಿನವೂ ನಿಲ್ಲಲಿಲ್ಲ.

ಸಂಜೆ ಸೊಸೆಗೆ ನಿನ್ನ ಪತ್ರ ತೋರಿಸಿದೆ. ಬಾಗಿಲಲ್ಲಿ ಬೂಟಿನ ಮಣ್ಣು ಕೊಡವುತ್ತ, "ಬರೆದವರೇ ಸಹಿನೂ ಹಾಕ್ಲಿ" ಎಂದಳು. ನನ್ನ ಅಭಿಪ್ರಾಯವೂ ಅದೇ.

ನಿನ್ನ ಆರೋಗ್ಯವೂ ಕಾಗುಣಿತವೂ ನೆಟ್ಟಗಿರಲೆಂದು ಹರಸುವ,
ಅಮ್ಮ

ತಾ.ಕ.: ನೀವಿಬ್ಬರೂ ಒಟ್ಟಿಗಿರಬೇಕೆಂಬ ಮಾತು ಸರಿ. ಅದಕ್ಕಾಗಿ ಸರಿಯಬೇಕಾದವರು ಯಾರೆಂಬುದರಲ್ಲಿ ಮಾತ್ರ ನಿನ್ನ ಲೆಕ್ಕ ತಪ್ಪಿದೆ.

ಲಗತ್ತುಗಳು:
೧. ಆಟದ ಬಯಲಿನ ನಕ್ಷೆಯ ಪ್ರತಿ. ಸೊಸೆಯ ಸಹಿಯಿದೆ.
೨. ನೀನು ಬರೆದ ರಾಜೀನಾಮೆ ಪತ್ರ. ಸಹಿಯಿಲ್ಲ, ಎರಡು ಕಾಗುಣಿತದ ತಪ್ಪು ತಿದ್ದಿದೆ.
೩. ಖಾಲಿ ಹಾಳೆ ಒಂದು, ನಿನ್ನ ವರ್ಗಾವಣೆಯ ಅರ್ಜಿಗೆ.