ಬಾಗಿಲ ಪಕ್ಕದ ಸೀಟಿ

ಮಾರ್ಚ್ ೯, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ, ಬೈದುಕೊಂಡಿರುತ್ತೀಯ. ಬೈದುಕೋ, ನೀನಲ್ಲದೆ ಇನ್ಯಾರು ಬೈಯಬೇಕು? ಗುಂಡ ಆಸ್ಪತ್ರೆಯಿಂದ ಬಂದಾಗಿನಿಂದ ನಿದ್ದೆಯೆನ್ನುವುದು ಮುನಿಸಿಕೊಂಡ ನೆಂಟರ ಹಾಗಾಗಿದೆ. ಬಾಗಿಲವರೆಗೆ ಬಂದು ಹಾಗೇ ಹೋಗುತ್ತದೆ. ಅವನು ಈಗಷ್ಟೇ ಹಾಲು ಕುಡಿದು ಮಲಗಿದ. ಭಾವ, ಮಕ್ಕಳು ಹೇಗಿದ್ದಾರೆ?

ಇವರು ಇವತ್ತು ಬೆಳಗ್ಗೆ ಮತ್ತೆ ಬೆಟ್ಟಕ್ಕೆ ಹೊರಟರು. ನಿನ್ನೆ ಸಂಜೆ ನಡುಮನೆಯ ನೆಲವೇ ಕಾಣದ ಹಾಗೆ ಸಾಮಾನು ಹರಡಿದ್ದರು. ಟಾರ್ಚು, ಅದಕ್ಕೆ ಬೇರೆ ಸೆಲ್ಲು, ದಿಕ್ಸೂಚಿ, ಸೀಟಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಣ ಕಾಲುಚೀಲ, ಚಳಿಗೆ ಮೈಗೆ ಸುತ್ತಿಕೊಳ್ಳುವ ಬೆಳ್ಳಿಬಣ್ಣದ ಹಾಳೆ.

"ರೀ, ಮದುವೆಹೆಣ್ಣಿನ ಪೆಟ್ಟಿಗೇನೂ ಇಷ್ಟು ಜೋರಾಗಿರಲ್ಲ" ಅಂದೆ.

"ನಗು, ನಗು. ಬೆಟ್ಟ ಯಾರ ಮುಲಾಜೂ ನೋಡಲ್ಲ ಕಣೇ."

ಹೊರಡುವಾಗ ಎಂದಿನ ಪಾಠ: "ನಾಳೆ ಕತ್ತಲಾದ್ಮೇಲೂ ಫೋನ್ ಬರ್ಲಿಲ್ಲ ಅಂದ್ರೆ ಫಾರೆಸ್ಟ್ ಗಾರ್ಡ್‌ಗೆ ಹೇಳು. ಅದಕ್ಕೂ ಮುಂಚೆ ಹೆದರ್ಬೇಡ." ನೋಡಕ್ಕಾ, ನನ್ನ ಹೆದರಿಕೆಗೂ ವೇಳಾಪಟ್ಟಿ ಹಾಕಿಕೊಟ್ಟಿದ್ದಾರೆ.

ಹೋದ ಸಲದ ವಿಷಯ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಅವತ್ತೂ ಇವರು ಹೀಗೆಯೇ ಹೊರಟಿದ್ದರು. ಗುಂಡನ ಮೈ ಸ್ವಲ್ಪ ಬೆಚ್ಚಗಿತ್ತು, ಹಲ್ಲು ಬರುತ್ತಿರಬೇಕು ಅಂದುಕೊಂಡೆವು. ಮಧ್ಯಾಹ್ನ ಅವನ ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೈಕಾಲು ಕಟ್ಟಿಗೆಯಾಯಿತು. ಇವರ ಫೋನ್ ಸಿಗಲಿಲ್ಲ. ಗಾರ್ಡ್‌ಗೆ ಮಾಡಿದೆ.

"ಅವ್ರು ಆಗ್ಲೇ ಮೇಲೆ ಹೋಗಿ ಆಯ್ತಮ್ಮ, ಅಲ್ಲಿ ಸಿಗ್ನಲ್ ಇಲ್ಲ. ಅವ್ರು ಕಾಣೆಯಾದ್ರೆ ಹುಡುಕೋಕೆ ಜನ ಕಳಿಸ್ಬಹುದು. ಮನೇಲಿ ಕಷ್ಟ ಅಂದ್ರೆ ಯಾರನ್ನ ಕಳಿಸ್ಲಿ?" ಅಂದರು ಪಾಪ.

ಬಾಗಿಲ ಪಕ್ಕದ ಮೊಳೆಗೆ ಇವರ ಇನ್ನೊಂದು ಸೀಟಿ ತೂಗುತ್ತಿತ್ತು. ದಾರಿ ತಪ್ಪಿದವರು ಅಲೆಯಬಾರದಂತೆ, ಇದ್ದಲ್ಲೇ ನಿಂತು ಮೂರು ಸಲ ಊದಬೇಕಂತೆ, ಕೇಳಿದವರು ಬಂದೇ ಬರುತ್ತಾರಂತೆ. ಡಿಗ್ರಿ ಮಾಡಿದ ನಾನು ಮಗುವನ್ನು ಎತ್ತಿಕೊಂಡು ಮೆಟ್ಟಿಲ ಬಳಿ ನಿಂತು ಸೀಟಿ ಊದಿದೆ! ಬೇರೇನೂ ತೋಚಲಿಲ್ಲ ಅಕ್ಕಾ. ಮೇಲಿನ ಮನೆಯ ಡ್ರೈವರ್ ಮಾವ ಕೋಲು ಹಿಡಿದು ಓಡಿಬಂದರು.

"ಎಲ್ಲಮ್ಮಾ ಕಳ್ಳ?" ಎಂದವರು ಗುಂಡನ ಮುಖ ನೋಡಿದ್ದೇ ಕೋಲು ಎಸೆದು ಕಾರು ತೆಗೆದರು.

ಮೆದುಳಿನ ಪೊರೆಗೆ ಸೋಂಕು ಅಂದರು ಡಾಕ್ಟರು. ಮರುದಿನ ಇವರು ಕೆಸರು ಬೂಟಿನಲ್ಲೇ ವಾರ್ಡಿಗೆ ಬಂದು, ಮಂಚದ ಕಂಬಿ ಹಿಡಿದು ಅತ್ತರು. ಆಮೇಲೆ ಚೀಲ ಅಟ್ಟಕ್ಕೇರಿತು. ಎರಡು ತಿಂಗಳು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಮನೆಯಲ್ಲೇ ಸುತ್ತಿದರು. ಆ ಮುಖ ನೋಡಲಾರದೆ ನಾನೇ "ಹೋಗಿ ಬನ್ನಿ" ಅಂದೆ.

ಗುಂಡ ಈಗ ಚೆನ್ನಾಗಿ ತಿನ್ನುತ್ತಾನೆ, ಕೆನ್ನೆ ತುಂಬಿಕೊಂಡಿದೆ. ಮೊದಲೆಲ್ಲ ಮಿಕ್ಸಿ ಹಾಕಿದರೆ ಕಿಟಾರನೆ ಕಿರುಚುತ್ತಿದ್ದನಲ್ಲ, ಈಗ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. "ನನ್ನ ಮಗ ಕಣೇ, ಧೈರ್ಯವಂತ. ಇವನೂ ಬೆಟ್ಟ ಹತ್ತೋನೇ" ಎಂದು ಇವರಿಗೆ ಹಿಗ್ಗು. ಅವನಿಗೂ ಪುಟ್ಟ ಸೀಟಿಯೊಂದು ತರುತ್ತಾರಂತೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ನಿನ್ನ ಕೈ ನನ್ನ ತಲೆಯ ಮೇಲಿದೆ ಅಂದುಕೊಂಡು ಮುಗಿಸುತ್ತೇನೆ.

ನಿನ್ನ
ಚಿಕ್ಕಿ

ಮರೆತಿದ್ದೆ: ಈ ಕಾಯಿಲೆ ಕೆಲವು ಮಕ್ಕಳ ಕಿವಿಗೆ ಇಳಿಯುತ್ತದೆ ಅಂದಿದ್ದರು ಡಾಕ್ಟರು. ಬುಧವಾರ ಪರೀಕ್ಷೆಗೆ ಕರೆದಿದ್ದಾರೆ. ಮರೆತಿದ್ದೆ ಎಂಬುದೂ ಸುಳ್ಳು ಅಕ್ಕಾ. ಇವರು ಹೋದ ಮೇಲೆ, ಗುಂಡ ನೆಲದಲ್ಲಿ ಚಮಚ ಹಿಡಿದು ಆಡುತ್ತಿದ್ದಾಗ, ಮೊಳೆಯಿಂದ ಸೀಟಿ ತೆಗೆದು ಅವನ ಬೆನ್ನ ಹಿಂದೆ ನಿಂತು ಊದಿದೆ. ಮೂರು ಸಲ. ಮೇಲಿನಿಂದ ಡ್ರೈವರ್ ಮಾವ ಓಡಿಬಂದರು. ಗುಂಡ ಚಮಚದಿಂದ ತಲೆ ಎತ್ತಲಿಲ್ಲ. ಇವರಿಗೆ ಹೇಳಬೇಕೆಂದರೆ ನಾಳೆ ಕತ್ತಲಾಗಬೇಕು.